ಸಡ್ಲ ಬುಡು ಅಂದವರು ಯಾರು?

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವಳು ನಾನು. ನಮ್ಮ ಕೊರಟಗೆರೆ ಕಡೆಯವರು ಸಿದ್ದರಬೆಟ್ಟದ ಗವಿಯಲ್ಲಿ ಯಾರೋ ಹೆಸರು ಹಿಡಿದು ಕರೆದರು ಎಂದರೆ, ಬಾವಲಿ ಇರಬೇಕು ಬಿಡಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ನರ್ಸ್ ಕೆಲಸದಲ್ಲಿ ಸಾವನ್ನು ಹತ್ತಿರದಿಂದ ನೋಡಿದ ಸೊಕ್ಕೂ ಇತ್ತೆನ್ನಿ. ಈಗ ಆ ಸೊಕ್ಕು ಇಳಿದಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ದ್ವೀಪಗಳಿಗೆ ಹೋಗಿಬರುವ ಪ್ರಯಾಣಿಕರ ಹಡಗೊಂದರಲ್ಲಿ ನರ್ಸ್ ಆಗಿದ್ದೆ. ಒಮ್ಮೆ ವಾಪಸು ಬರುವಾಗ ಮಿಡಿಗೇಶಿಯ ವಯಸ್ಸಾದ ದಂಪತಿ ಸಿಕ್ಕಿದರು, ಹನುಮಂತಪ್ಪ ಮತ್ತು ಲಕ್ಷ್ಮಮ್ಮ. ದ್ವೀಪದ ಶಾಲೆಯಲ್ಲಿ ಟೀಚರಾಗಿದ್ದ ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದರು. ನಡುಗಡಲಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಲಕ್ಷ್ಮಮ್ಮ ಗಂಟು ಬಿಚ್ಚಿ ಹುರಿದ ಕಡಲೇಕಾಯಿ ಕೊಟ್ಟರು.

ಮರುದಿನ ಬೆಳಿಗ್ಗೆ ಹನುಮಂತಪ್ಪನವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಬೇಗ ಆಸ್ಪತ್ರೆ ಸೇರಿದರೆ ಉಳಿದಾರು, ಇಲ್ಲದಿದ್ದರೆ ಕಷ್ಟ ಎಂದರು ಹಡಗಿನ ಡಾಕ್ಟರು. ದಡ ಇನ್ನೂ ಒಂದು ಹಗಲಿನ ದಾರಿ. ವೇಗದ ರಕ್ಷಣಾ ದೋಣಿಯೊಂದು ಎದುರು ಬರುತ್ತೇನೆ ಎಂದಿತ್ತು. ಆದರೆ ಇಂಥ ಅಲೆಯಲ್ಲಿ ರೋಗಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸುವುದೇ ಅಪಾಯ ಎಂದು ಕ್ಯಾಪ್ಟನ್ ಹಿಂಜರಿದರು. ಹೆಂಡತಿಯ ಒಪ್ಪಿಗೆ ಬೇಕಿತ್ತು. ಅವರ ಭಾಷೆ ಬರುತ್ತಿದ್ದುದು ನನಗೊಬ್ಬಳಿಗೇ.

"ನೀನೇ ಯೋಳು ಕಣಮ್ಮ. ಈ ನೀರಿನ ಇಸ್ಯ ನಂಗೇನು ಗೊತ್ತಾಯ್ತದೆ?" ಎಂದರು ಲಕ್ಷ್ಮಮ್ಮ.

"ಕಳಿಸೋಣ ಅಮ್ಮ," ಎಂದುಬಿಟ್ಟೆ. ಕ್ಯಾಪ್ಟನ್‌ಗೆ ಒಪ್ಪಿಗೆ ತಿಳಿಸಿದ್ದೂ ನಾನೇ.

ಮಧ್ಯಾಹ್ನ ದೋಣಿ ಬಂತು. ರೋಗಿಯನ್ನು ಹಿಡಿದುಕೊಳ್ಳಲು ನಾನು ಮೊದಲೇ ಹಗ್ಗದ ಏಣಿಯಲ್ಲಿ ದೋಣಿಗೆ ಇಳಿದಿದ್ದೆ. ಮೇಲಿನಿಂದ ಸ್ಟ್ರೆಚರ್ ನಿಧಾನವಾಗಿ ಇಳಿಯತೊಡಗಿತು. ನಮ್ಮ ದೋಣಿ ಒಮ್ಮೆ ಮಾಳಿಗೆ ಎತ್ತರ ಏರುವುದು, ಒಮ್ಮೆ ದೊಪ್ಪನೆ ಬೀಳುವುದು. ಸನ್ನೆ ಮಾಡಬೇಕಾದವನು ದೋಣಿಯ ನಾವಿಕ. ಆದರೆ ದೋಣಿ ಮೇಲೆದ್ದು ಸ್ಟ್ರೆಚರ್ ಕೈಗೆಟುಕುವಂತೆ ಕಂಡಾಗ ನಾನೇ ಅವಸರಪಟ್ಟು, ಇಳಿಸಿ ಎಂದು ಕೈ ಬೀಸಿದೆ. ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ನೋಡಿದವಳಿಗೆ ಅಲೆಯ ಅಂದಾಜು ಎಲ್ಲಿಂದ ಬರಬೇಕು?

ಆಗ ಕೇಳಿತು. "ತಡಿ. ಅಂಗೇ ಹಿಡ್ಕ."

ಗಂಡಸಿನ ದನಿ, ಅಚ್ಚ ನಮ್ಮ ಕಡೆಯ ಮಾತು. ಸ್ಟ್ರೆಚರ್ ಗಾಳಿಯಲ್ಲೇ ನಿಂತಿತು. ದೋಣಿ ಕೆಳಗೆ ಕುಸಿಯಿತು, ಹಿಂದೆಯೇ ಬಂದ ದೊಡ್ಡ ಅಲೆಯೊಂದು ಅದನ್ನು ಎತ್ತಿ ಹಡಗಿಗೆ ಅಪ್ಪಳಿಸಿತು. ನನ್ನ ಸನ್ನೆಯಂತೆ ಇಳಿಸಿದ್ದರೆ ಆ ಮನುಷ್ಯ ಎರಡರ ನಡುವೆ ಜಜ್ಜಿಹೋಗುತ್ತಿದ್ದರು. ದೋಣಿ ಮತ್ತೆ ಮೆಲ್ಲಗೆ ಏರುವಾಗ ಅದೇ ದನಿ, "ಈಗ ಬುಡು. ಸಡ್ಲ ಬುಡು, ಸಡ್ಲ," ಎಂದಿತು. ಸ್ಟ್ರೆಚರ್ ದೋಣಿಗೆ ತಾಗಿತು, ಹಗ್ಗ ಸಡಿಲವಾಯಿತು, ಕೊಂಡಿ ಬಿಚ್ಚಿದೆವು. ಹನುಮಂತಪ್ಪನವರ ಮುಖ ನೋಡಿದೆ. ಆಕ್ಸಿಜನ್ ಮಾಸ್ಕಿನೊಳಗೆ ಬಾಯಿ ಸೊಟ್ಟಗಾಗಿತ್ತು, ಕಣ್ಣು ಮುಚ್ಚಿದ್ದವು.

ಲಕ್ಷ್ಮಮ್ಮನನ್ನೂ ಇಳಿಸಿಕೊಂಡು ದೋಣಿ ದಡದ ಕಡೆ ಹೊರಟಾಗ, ಇವರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದೆ.

"ಬಾವಿ ಕೆಲ್ಸ ಕಣಮ್ಮ. ಆಳುಗಳ್ನ ಬುಟ್ಟೀಲಿ ಕೂರ್ಸಿ ಬಾವಿಗೆ ಇಳ್ಸೋರು. ಮ್ಯಾಲೆ ನಿಂತ್ಕಂಡು ಹಗ್ಗ ಹಿಡ್ದೋರಿಗೆ ಯಾವಾಗ ತಡೀಬೇಕು, ಯಾವಾಗ ಬುಡ್ಬೇಕು ಅಂತ ಯೋಳೋರು. ಒಬ್ರೂ ಬಿದ್ದಿಲ್ಲ."

ಹಡಗಿಗೆ ಮರಳಿದ ಮೇಲೆ, ಅವತ್ತು ಹಗ್ಗದ ಯಂತ್ರ ನಡೆಸಿದ ಮಲಯಾಳಿ ನಾವಿಕನನ್ನು ವಿಚಾರಿಸಿದೆ. ಅವನಿಗೆ ಕನ್ನಡದ ಗಂಧಗಾಳಿ ಇಲ್ಲ. ನಿನ್ನ ಸನ್ನೆ ಕಂಡು ಇಳಿಸಲು ಹೊರಟಿದ್ದೆ, ಯಾರೋ ಹಿರಿಯರು ಬೆನ್ನ ಹಿಂದೆ ನಿಂತು ಮಲಯಾಳದಲ್ಲಿ ತಡೆದರು, ಆಮೇಲೆ ಅವರೇ ಬಿಡು ಎಂದರು ಎಂದ. ಅವನ ಬೆನ್ನ ಹಿಂದೆ ಕಬ್ಬಿಣದ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ದೋಣಿಯವರಿಗೂ ಲಕ್ಷ್ಮಮ್ಮನಿಗೂ ಯಾವ ದನಿಯೂ ಕೇಳಿಸಿರಲಿಲ್ಲ.

ಹನುಮಂತಪ್ಪ ಉಳಿದರು. ಹಡಗಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ನಾನೊಮ್ಮೆ ಮಿಡಿಗೇಶಿಗೆ ಹೋದೆ. ಕೋಲು ಹಿಡಿದು ಓಡಾಡುವಷ್ಟಾಗಿದ್ದರು, ಮಾತು ಮಾತ್ರ ಬಂದಿರಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದೆ ಲಕ್ಷ್ಮಮ್ಮನ ಮುಂದೆ ಎಲ್ಲ ಹೇಳಿದೆ. ಅದು ಅವರದೇ ದನಿ ಅಮ್ಮ, ಎಂದೆ.

"ಏನಂದ್ರು?" ಎಂದು ಆಸೆಯಿಂದ ಹತ್ತಿರ ಸರಿದರು. ಹೇಳಿದೆ. ಲಕ್ಷ್ಮಮ್ಮ ಒಮ್ಮೆ ಗಂಡನ ಕಡೆ ನೋಡಿ ನನ್ನ ಕಡೆ ತಿರುಗಿದರು.

"ಅವತ್ತಿಂದ ಒಂದ್ ಮಾತಿಗೆ ಕಾಯ್ಕಂಡ್ ಕುಂತಿವ್ನಿ ಕಣಮ್ಮ. ನನ್ ಇಸ್ಯ ಏನೂ ಕೇಳ್ಲಿಲ್ವಾ?"

ಹನುಮಂತಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ತುಟಿ ಅಲುಗಿದವು, ಏನೂ ಬರಲಿಲ್ಲ. ಅದು ಅವರದೇ ದನಿ ಎಂದು ನಾನು ಯಾವ ಧೈರ್ಯದಲ್ಲಿ ಹೇಳಿದೆನೋ ನನಗೇ ಗೊತ್ತಿಲ್ಲ. ಅವರದಲ್ಲ ಎನ್ನಲೂ ಇವತ್ತಿಗೂ ಆಗುತ್ತಿಲ್ಲ.