ನೀಲಿ ವಾರದ ತೆಂಗು

ಪಾತ್ರೆ ಅಂಗಡಿಯವನಿಗೆ ಕುಕ್ಕರ್ ಬಹುಮಾನ ಬಂದಿದೆ ಎಂದು ಫೋನು ಬಂದರೆ ಅವನು ನಕ್ಕು ಸುಮ್ಮನಾಗಬೇಕು. ನನ್ನ ಗಂಡ ನಗಲಿಲ್ಲ. ಬ್ರಹ್ಮಾವರದ ನಮ್ಮ ಅಂಗಡಿಗೆ ಮಧ್ಯಾಹ್ನವೇ ಬಾಗಿಲೆಳೆದು, ಇಸ್ತ್ರಿಯ ಅಂಗಿ ತೊಟ್ಟು, ನನಗೂ ಮದುವೆಮನೆಗೆ ಉಡುವ ಸೀರೆ ಉಡಲು ಹೇಳಿ ಕುಂದಾಪುರದ ಬಸ್ಸು ಹತ್ತಿಸಿದರು. ಅಂಗಡಿಯ ಮೇಲಿನ ಹಲಗೆಯಲ್ಲಿ ಮಾರಾಟವಾಗದ ಕುಕ್ಕರುಗಳು ಸಾಲಾಗಿ ಧೂಳು ಹಿಡಿದು ಕೂತಿದ್ದವು. ಅದನ್ನು ನೆನಪಿಸಿದ್ದಕ್ಕೆ, "ಪುಕ್ಕಟೆ ಸಿಕ್ಕುದ್ನ ಬ್ಯಾಡ ಅನ್ನುಕಾಗ ಮಾರಾಯ್ತಿ, ಸುಮ್ನೆ ಬಾ," ಎಂದರು.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ಹೋಟೆಲೊಂದರ ಹಾಲಿನಲ್ಲಿ ಗಂಡ ಹೆಂಡತಿಯರನ್ನು ಜೋಡಿ ಜೋಡಿಯಾಗಿ ಮೇಜುಗಳಿಗೆ ಕೂರಿಸಿದ್ದರು. ನಮ್ಮ ಮೇಜಿಗೆ ಬಂದವಳು ಕೋಟು ತೊಟ್ಟ ಹೆಂಗಸು. ಶರಬತ್ತು ಕೊಟ್ಟಳು, ಫೋಟೋಗಳನ್ನು ಹರಡಿದಳು. ಬಿಳಿ ಮರಳು, ಬಣ್ಣದ ಕೊಡೆ, ಕೊಡೆಯ ಕೆಳಗೆ ಬೆತ್ತದ ಕುರ್ಚಿ. ವರ್ಷಕ್ಕೊಂದು ವಾರ, ಇಪ್ಪತ್ತೈದು ವರ್ಷ, ದೇಶದ ಯಾವ ಕಡಲ ತೀರ ಬೇಕಾದರೂ ನಿಮ್ಮದು ಎಂದಳು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕಡಲನ್ನು ಹೀಗೆ ವಾರದ ಲೆಕ್ಕದಲ್ಲಿ ಮಾರುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ತವರು ಕೋಟ. ಕಡಲು ನಮಗೆ ಹಿತ್ತಲಾಚೆಯ ಸಂಗತಿ. ಹಾಗಿದ್ದೂ ಎಳ್ಳಮಾಸಿಯ ದಿನ ಮೀಯಲು, ಇಲ್ಲವೇ ಸತ್ತವರ ಬೂದಿ ಬಿಡಲು ಬಿಟ್ಟರೆ ನಮ್ಮ ಮನೆಯವರು ಅಲ್ಲಿಗೆ ಹೋದದ್ದಿಲ್ಲ. ಅಲ್ಲಿ ಹೋಗಿ ಕುರ್ಚಿ ಹಾಕಿ ಕೂತರೆ ತಲೆ ಸಮ ಇಲ್ಲ ಎನ್ನುತ್ತಿದ್ದರು. ಮೇಜಿನ ಅಡಿಯಲ್ಲಿ ಇವರ ತೊಡೆ ಚಿವುಟಿದೆ. ಇವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಆ ಹೆಂಗಸು, "ಸರ್, ಆ ವಾರ ನೀವು ಅತಿಥಿ ಅಲ್ಲ, ಮಾಲೀಕರು," ಎಂದಿದ್ದಳು.

ಆ ಮಾತಿಗೆ ಇವರು ಬಿದ್ದರು. ಅಂಗಡಿ ಬಾಡಿಗೆಯದು, ಅಂಗಡಿಯ ಮೇಲಿನ ಮನೆಯೂ ಬಾಡಿಗೆಯದು. ಈ ಜನ್ಮದಲ್ಲಿ ಇವರನ್ನು ಯಾರೂ ಮಾಲೀಕರೇ ಎಂದು ಕರೆದಿರಲಿಲ್ಲ.

ವಾರಗಳಿಗೆ ಬಣ್ಣವಿತ್ತು. ಕೆಂಪು ವಾರ ಶಾಲೆಯ ರಜೆಗೆ, ಬಹಳ ದುಬಾರಿ. ಬಿಳಿಯದು ನಡುಮಧ್ಯದ್ದು. ನೀಲಿ ಎಲ್ಲಕ್ಕಿಂತ ಅಗ್ಗ. "ನೀಲಿ ಅಂದ್ರೆ ಯಾವಾಗ?" ಎಂದು ಇವರು ಕೇಳಿದರು. ಜೂನ್, ಜುಲೈ ಎಂದಳು. ಇವರ ಮುಖ ಅರಳಿತು. ಮಳೆಗಾಲದಲ್ಲಿ ಮದುವೆಯಿಲ್ಲ, ಪಾತ್ರೆ ವ್ಯಾಪಾರವಿಲ್ಲ, ಅಂಗಡಿ ಮುಚ್ಚಿದರೂ ನಷ್ಟವಿಲ್ಲ! ಆಷಾಢದ ಕಡಲು ಎಂದರೆ ಏನು ಎಂದು ಕಡಲ ಮಗ್ಗುಲಲ್ಲೇ ಹುಟ್ಟಿದ ನಾನು ಕೂಗಿ ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಇವರು ಕಿಸೆಯಿಂದ ಚೆಕ್ ಬುಕ್ ತೆಗೆದಾಗಿತ್ತು. ಪುಕ್ಕಟೆ ಕುಕ್ಕರ್ ತರಲು ಹೊರಟವರು ಚೆಕ್ ಬುಕ್ಕನ್ನು ಯಾಕೆ ಒಯ್ದಿದ್ದರೋ, ಇವತ್ತಿಗೂ ನನಗೆ ತಿಳಿದಿಲ್ಲ.

ಕುಕ್ಕರ್ ಸಿಕ್ಕಿತು. ಮನೆಗೆ ಬಂದು ಬಿಚ್ಚಿದರೆ ಗ್ಯಾಸ್ಕೆಟ್ ಇರಲಿಲ್ಲ.

ಮನೆಯಲ್ಲಿ ಅತ್ತೆ ಇದ್ದರು. ಕೆರಾಡಿಯಲ್ಲಿ ಕಾಡಿನಂಚಿನ ಗದ್ದೆ ತೋಟದಲ್ಲಿ ಬಾಳಿದವರು, ಮಾವ ತೀರಿಕೊಂಡ ಮೇಲೆ ಕಿರಿಮಗನಾದ ಇವರ ಜೊತೆ ಬಂದು ನಿಂತವರು. ವಿಷಯ ಕೇಳಿ ಅವರು ಕೈಯಲ್ಲಿದ್ದ ಎಲೆಯಡಿಕೆಯ ತಟ್ಟೆ ಕೆಳಗಿಟ್ಟರು.

"ಕಡ್ಲಿಗ್ ದುಡ್ಡ್ ಕೊಟ್ರ್ಯಾ? ನೀರಿಗಾ? ಹೊಯ್ಗಿಗಾ?" ಎಂದರು, ಮರಳು ಉದುರಿಸುವಂತೆ ಬೆರಳು ತಿಕ್ಕಿ.

"ಅಬ್ಬಿ, ಹಾಂಗಲ್ಲ. ವರ್ಷಕ್ಕ್ ಒಂದ್ ವಾರ ರೂಮ್ ನಮ್ದೇ," ಎಂದು ಇವರು ಬೆವರೊರೆಸಿಕೊಂಡು ತಾಯಿಗೆ ವಿವರಿಸಲು ಕೂತರು. ನಿರ್ವಹಣೆಗೆಂದು ಪ್ರತಿವರ್ಷ ಇಷ್ಟು ಕಟ್ಟಬೇಕು ಎಂದು ಬಾಯಿ ತಪ್ಪಿ ಹೇಳಿದರು. ಅದನ್ನು ನಾನೂ ಆಗಲೇ ಕೇಳಿದ್ದು. ನಿಂತಲ್ಲೇ ಅಂಗಡಿಯ ಲೆಕ್ಕ ಹಾಕತೊಡಗಿದೆ. ಆದರೆ ಅತ್ತೆಯ ಮುಖ ಬೇರೆಯೇ ಆಯಿತು.

"ವರ್ಷ ವರ್ಷ ಕಟ್ಟುಕಿತ್ತಾ?"

"ಹೌದ್."

"ಜಾಗ ಯಾರ್ದ್?"

"ಕಂಪ್ನಿದ್."

"ಅವ್ರ್ ಅಲ್ಲೇ ಇರ್ತ್ರಾ?"

"ಇಲ್ಲೆ. ಬೊಂಬಾಯಂಗ್ ಇರ್ತ್ರ್."

"ಹಾಂಗಾರೆ ಇದ್ ಗೇಣಿ ಮಗಾ!" ಎಂದು ಅತ್ತೆ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. "ಅದ್ನ ಮೊದ್ಲೇ ಹೇಳುಕಾಗ್ದಾ?"

ಅತ್ತೆಗೆ ಗೇಣಿ ಎಂದರೆ ಅರ್ಧ ಆಯುಷ್ಯ. ಕೆರಾಡಿಯ ಜಾಗ ಮೊದಲು ಪೇಟೆಯಲ್ಲಿದ್ದ ಧನಿಗಳದು, ಮಾವ ಗೇಣಿದಾರರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಮಾವ ಡಿಕ್ಲರೇಶನ್ ಅರ್ಜಿ ಕೊಟ್ಟರು. ಭೂನ್ಯಾಯ ಮಂಡಳಿಯವರು ಸ್ಥಳ ನೋಡಲು ಬಂದರು. ಮಾವ ಹೆದರಿ ಮಾತೇ ಹೊರಡದೆ ನಿಂತಿದ್ದರಂತೆ. ಬಂದ ಅಧಿಕಾರಿ ತೆಂಗಿನ ಮರಗಳನ್ನು ತೋರಿಸಿ, "ಇವನ್ನು ನೆಟ್ಟವರು ಯಾರು?" ಎಂದು ಕೇಳಿದರಂತೆ. ಧನಿಗಳ ಕಡೆಯವರು ಮುಖಮುಖ ನೋಡಿಕೊಂಡರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ನಾನ್ ನೆಟ್ಟದ್," ಎಂದು, ಯಾವ ಮರ ಯಾವ ಬಸಿರಿನಲ್ಲಿ ನೆಟ್ಟದ್ದು ಎಂಬಲ್ಲಿಂದ ಎಲ್ಲ ಹೇಳಿದರಂತೆ. ಜಾಗ ಉಳಿಯಿತು. "ಗಂಡನ ಹೆಸ್ರೆಂತ ಅಂತ ಕೇಂಡ್ರ್. ಹೇಳ್ದೆ. ಅವ್ರ ಹೆಸ್ರ್ ಬರ್ದ್ಕಂಡ್ ಹೋದ್ರ್," ಎಂದು ಅತ್ತೆ ಕತೆ ಮುಗಿಸುತ್ತಿದ್ದರು. ಆ ಜಾಗ ಮಾವನ ನಂತರ ಗಂಡುಮಕ್ಕಳಲ್ಲಿ ಪಾಲಾಗಿ, ನಮ್ಮ ಪಾಲು ಮಾರಿ ಅಂಗಡಿಗೆ ಹಾಕಿದೆವು. ಅತ್ತೆಯ ಹೆಸರಿನಲ್ಲಿ ಒಂದು ಹಿಡಿ ಮಣ್ಣೂ ಇರಲಿಲ್ಲ. ನನ್ನ ಹೆಸರಿನಲ್ಲಂತೂ ಕೇಳುವುದೇ ಬೇಡ.

ದೇಶದ ಯಾವ ತೀರ ಬೇಕಾದರೂ ಎಂದಿದ್ದರಲ್ಲ, ಇವರು ಗೋವಾ ಬರೆದು ಕಳಿಸಿದರು. ತುಂಬಿದೆ ಎಂದರು. ಕೇರಳ ಕೇಳಿದರು. ಅದೂ ತುಂಬಿದೆ. ಕೊನೆಗೆ ಕೊಟ್ಟದ್ದು ಎಲ್ಲಿ ಎಂದು ಕೇಳಿ ನಾನು ಗೋಡೆ ಹಿಡಿದು ಕೂತೆ. ಬೈಂದೂರು ಕಡೆ, ಕಿರಿಮಂಜೇಶ್ವರ ದಾಟಿ! ಬ್ರಹ್ಮಾವರದಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲದ ಊರು. ಬಸ್ಸಿನ ಕಿಟಕಿಯಲ್ಲಿ ಪುಕ್ಕಟೆ ಕಾಣುವ ಅದೇ ಕಡಲಿಗೆ ನಾವು ಇಪ್ಪತ್ತೈದು ವರ್ಷಕ್ಕೆ ಚೆಕ್ಕು ಬರೆದುಕೊಟ್ಟಿದ್ದೆವು.

ಹೊರಡುವ ದಿನ ಬಾಡಿಗೆ ಕಾರಿನ ಡಿಕ್ಕಿ ತೆಗೆದರೆ ಒಳಗೆ ತೆಂಗಿನ ಸಸಿ. ಕೆರಾಡಿಯಿಂದ ತರಿಸಿದ್ದು. ಜೊತೆಗೆ ಒಂದು ಚೀಲ ಹಟ್ಟಿಗೊಬ್ಬರ, ಒಂದು ಪೊಟ್ಟಣ ಕಲ್ಲುಪ್ಪು, ಮತ್ತು ಹಾರೆ.

"ಅತ್ತೆ, ಇದೆಂತಕೆ?"

"ನೆಡುಕೆ. ನೀಲಿ ವಾರ ಅಂದ್ರೆ ಮಳಿ ಹಿಡ್ದ್ ವಾರ ಅಲ್ದಾ? ಸಸಿ ನೆಡುಕೆ ಇದಕ್ಕಿಂತ ಒಳ್ಳೆ ಹೊತ್ತ್ ಎಲ್ಲಿತ್ತ್?"

ಆ ಹೋಟೆಲಿನ ಕೋಟು ತೊಟ್ಟವರೆಲ್ಲ ಸೇರಿದರೂ ನೀಲಿ ವಾರದ ಇಂಥ ಉಪಯೋಗ ಕಂಡುಹಿಡಿಯುತ್ತಿರಲಿಲ್ಲ.

ಹೋಗಿ ನೋಡಿದರೆ ಕೊಡೆಗಳೆಲ್ಲ ಟಾರ್ಪಾಲಿನಡಿ. ಬೆತ್ತದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದರು. ಮರಳಿನ ಮೇಲೆ ಕೆಂಪು ಬಾವುಟ ನೆಟ್ಟಿತ್ತು, ಅದರಾಚೆ ಕಾಲಿಟ್ಟರೆ ಒಬ್ಬ ಪೀಪಿ ಊದುತ್ತಿದ್ದ. ಕಡಲು ಕೆಸರುಗದ್ದೆಯ ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತಿತ್ತು. ಇವರು ಫೋಟೋದಲ್ಲಿದ್ದ ಕುರ್ಚಿ ಇದೇನಾ ಎಂದು ಆ ರಾಶಿಯ ಸುತ್ತ ತಿರುಗಿ ನೋಡಿದರು. ಪಾಪ ಅನಿಸಿತು, ಸಿಟ್ಟೂ ಬಂತು.

ಅತ್ತೆ ಅದ್ಯಾವುದನ್ನೂ ನೋಡಲಿಲ್ಲ. ನಮ್ಮ ಕೋಣೆಯ ಬಲಬದಿಗೆ, ಗೋಡೆಯಿಂದ ಸ್ವಲ್ಪ ದೂರ ಬಿಟ್ಟು, ಮಳೆಯಲ್ಲೇ ಹೊಂಡ ತೋಡಿದರು. ಉಪ್ಪು ಹಾಕಿದರು, ಗೊಬ್ಬರ ಹಾಕಿದರು, ಸಸಿ ಇಟ್ಟು ಕಾಲಿನಿಂದ ಮಣ್ಣು ಮೆಟ್ಟಿದರು. ನಾನು ಅವರ ತಲೆಗೆ ಕೊಡೆ ಹಿಡಿದು ಆಚೀಚೆ ನೋಡುತ್ತಿದ್ದೆ. "ಅತ್ತೆ, ಯಾರಾರೂ ಕಂಡ್ರೆ ಮರ್ಯಾದಿ ಹೋತ್ತ್," ಎಂದೆ. "ಕಾಣ್ಲಿ. ಕಾಣುಕೇ ನೆಡುದ್," ಎಂದರು.

ಹೀಗೆ ವರ್ಷ ವರ್ಷ. ಪ್ರತಿಸಲವೂ ಗೋವಾ ತುಂಬಿರುತ್ತಿತ್ತು, ಪ್ರತಿಸಲವೂ ನಾವು ಕಿರಿಮಂಜೇಶ್ವರ ದಾಟುತ್ತಿದ್ದೆವು. ಡಿಕ್ಕಿಯಲ್ಲಿ ಗೊಬ್ಬರ, ನನ್ನ ಮುಖದಲ್ಲಿ ಸಿಡುಕು. ಆದರೂ ಒಂದು ಮಾತು ಹೇಳಬೇಕು. ಆ ವಾರ ನಾನು ಒಲೆಯ ಮುಂದೆ ನಿಲ್ಲುತ್ತಿರಲಿಲ್ಲ. ಬೇರೆ ಯಾರೋ ಮಾಡಿದ ಚಾ ಬಿಸಿಬಿಸಿಯಾಗಿ ನನ್ನ ಕೈಗೆ ಬರುತ್ತಿತ್ತು. ಜಗಲಿಯಲ್ಲಿ ಕೂತು ಅದನ್ನು ಕುಡಿಯುತ್ತ, ಆ ತೆಂಗು ಎಷ್ಟು ಗರಿ ಬಿಟ್ಟಿದೆ ಎಂದು ನನಗೆ ಗೊತ್ತಿಲ್ಲದೆಯೇ ನೋಡತೊಡಗಿದೆ. ಇದು ನಮ್ಮ ಜಾಗ ಎಂದು ಒಂದೆರಡು ಸಲ ಅನಿಸಿದ್ದೂ ನಿಜ. ಅನಿಸಿದ ಕೂಡಲೇ, ನನಗೂ ಅತ್ತೆಯ ಹುಚ್ಚು ಹಿಡಿಯಿತೇ ಎಂದು ಬೆಚ್ಚುತ್ತಿದ್ದೆ.

ಮರ ಹಿಂಗಾರ ಒಡೆದು ಕಾಯಿ ಕಟ್ಟುವ ಹೊತ್ತಿಗೆ ಅತ್ತೆಯ ಕಿವಿ ಮಂದವಾಗಿತ್ತು. ಆ ವರ್ಷ ಬೆಂಗಳೂರಿನಿಂದ ಹೊಸ ಮ್ಯಾನೇಜರ್ ಬಂದಿದ್ದ. ನಾವು ಹೋದ ಎರಡನೆಯ ದಿನವೇ ಕೋಣೆಯ ಬಾಗಿಲಿಗೆ ಬಂದ. ಕಾಯಿ ಬಿದ್ದು ಯಾರದೋ ಕಾರಿನ ಗಾಜು ಒಡೆದಿತ್ತಂತೆ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಅವನು ಮರದ ಕಡೆ ಕೈ ತೋರಿಸಿ, ಮಳೆಗೆ ಕೇಳಲೆಂದು ಗಟ್ಟಿಯಾಗಿ, "ಇದನ್ನು ನೆಟ್ಟವರು ಯಾರು?" ಎಂದ.

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು. ಮಂಚದಲ್ಲಿ ಕೂತಿದ್ದ ಅತ್ತೆ ಮಾತ್ರ ತಲೆಯೆತ್ತಿದರು. ಟಿವಿಯ ಸದ್ದೂ ಕೇಳದ ಆ ಕಿವಿಗೆ ಆ ಒಂದು ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು. ಇಷ್ಟು ವರ್ಷ ಗೊಬ್ಬರ ಹೊತ್ತದ್ದೇ ಯಾರಾದರೂ ಬಂದು ಹೀಗೆ ಕೇಳಲಿ ಎಂದು. ಅವರು ಎದ್ದರು, ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು. ಈಗ ನಾನ್ ನೆಟ್ಟದ್ ಎನ್ನುತ್ತಾರೆ ಎಂದುಕೊಂಡೆ.

ಅತ್ತೆ ನನ್ನ ಕೈ ಹಿಡಿದು ಮುಂದಕ್ಕೆ ಎಳೆದರು.

"ಇವ್ಳ್ ನೆಟ್ಟದ್. ನನ್ನ್ ಸೊಸಿ."

ಕೊಡೆ ಹಿಡಿದು ಗೊಣಗಿದ್ದು ಬಿಟ್ಟರೆ ಆ ಮರಕ್ಕೆ ನಾನು ಮಾಡಿದ್ದೇನೂ ಇಲ್ಲ. ಸುಳ್ಳು ಹೇಳಿದ್ದಕ್ಕೆ ಮಕ್ಕಳಿಗೆ ಹೊಡೆಯುತ್ತಿದ್ದ ಅತ್ತೆ ಈಗ ಕಣ್ಣರೆಪ್ಪೆ ಬಡಿಯದೆ ಸುಳ್ಳು ಹೇಳುತ್ತಿದ್ದರು.

"ನೆಡಲು ಇಲ್ಲಿ ಅನುಮತಿ ಇಲ್ಲ ಮೇಡಂ. ಕಡಿಸುವ ಖರ್ಚು, ದಂಡ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಮಳೆ ಕಡಿಮೆಯಾದ ಮೇಲೆ ತೆಗೆಸುತ್ತೇವೆ," ಎಂದು ಮ್ಯಾನೇಜರ್ ಈಗ ಮೆಲ್ಲಗೆ, ನನಗೂ ಇವರಿಗೂ ಅಷ್ಟೇ ಕೇಳುವಂತೆ ಹೇಳಿದ. ಅತ್ತೆಯ ಮಂದ ಕಿವಿಗೆ ಅದು ಮುಟ್ಟಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ಇವರ ಕಡೆ ತಿರುಗಿ, "ಸರ್, ನಿಮ್ಮ ಹೆಸರು?" ಎಂದ.

ಅತ್ತೆಗೆ ಪೆನ್ನು ಕಂಡಿತು. ಇವರ ಕಡೆ ತಿರುಗಿದ್ದೂ ಕಂಡಿತು.

"ಹ್ವಾಯ್! ಗಂಡನ ಹೆಸ್ರ್ ಬ್ಯಾಡ," ಎಂದು ಅವರು ಅವನ ಕೈಯನ್ನೇ ಹಿಡಿದರು. "ನೆಟ್ಟದ್ ಇವ್ಳ್. ಇವ್ಳ್ ಹೆಸ್ರ್ ಬರೀನಿ." ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದರು. ಅವನು ಬರೆದು ಮುಗಿಸುವವರೆಗೂ ಕೈ ಬಿಡಲಿಲ್ಲ.

"ನೀವೇ ನೆಟ್ಟದ್ದಾ ಮೇಡಂ?" ಎಂದು ಅವನು ಕೇಳಿದ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು, ನಾನೇ," ಎಂದೆ.

ವಾರ ಮುಗಿಸಿ ವಾಪಸ್ಸು ಬರುವಾಗ ಇವರು ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಡಿಕ್ಕಿಯಲ್ಲಿ ಗೊಬ್ಬರದ ಖಾಲಿ ಚೀಲ. ಮರವಂತೆಯಲ್ಲಿ ಕಡಲು ಕಂಡಾಗ ಇವರು ಹಿಂದಕ್ಕೆ ತಿರುಗಿ, "ಅಬ್ಬಿ, ಆ ಮರ..." ಎಂದು ಬಾಯಿ ತೆರೆದರು. ನಾನು ಇವರ ಭುಜವನ್ನು ಬಲವಾಗಿ ಅದುಮಿದೆ. ಇವರು ನನ್ನನ್ನು ನೋಡಿ ಮುಂದಕ್ಕೆ ತಿರುಗಿ ಕೂತರು.

"ಎಂತ ಅಂದ?" ಎಂದು ಅತ್ತೆ ನನ್ನನ್ನು ಕೇಳಿದರು.

"ಎಂತ ಇಲ್ಲೆ ಅತ್ತೆ," ಎಂದು ಅವರ ಕಿವಿಯ ಹತ್ತಿರ ಹೇಳಿದೆ.

"ಹೆಸ್ರ್ ಸಮಾ ಬರ್ದಿದ್ನಲ್ದಾ? ತಪ್ಪ್ಲಿಲ್ಲೆ ಅಲ್ದಾ?"

"ಸಮಾ ಬರ್ದಿದ."

"ನಿಂದೇ?"

"ನಂದೇ."

ಅತ್ತೆ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದರು. ಬ್ರಹ್ಮಾವರ ಬಂದರೂ ನಾನು ಅವರನ್ನು ಎಬ್ಬಿಸಲಿಲ್ಲ.