ಚೀಟಿ ಹಾಡುತ್ತಿದ್ದ ಬ್ಯಾಂಡು

ಬ್ಯಾಂಡು ಮುಗಿದು ನಾಲ್ಕು ವರ್ಷವಾಯಿತು. ಒಂದೆಡೆ ಕೂರುವುದು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಂತೂ ಮನೆಯವರಿಗೇ ನನ್ನನ್ನು ನೋಡಿ ಸುಸ್ತು. ಕಡೂರಿನ ಕೊಬ್ಬರಿ ಗೋದಾಮೊಂದರಲ್ಲಿ ನಾವು ನಾಲ್ವರು ರಾಕ್ ಬ್ಯಾಂಡ್ ಕಟ್ಟಿದ್ದೆವು. ಗಿಟಾರಿನ ಜೊತೆ ಭಜನೆಯ ತಾಳ, ಅದರ ಮೇಲೆ ವಾಲಗದ ಧಾಟಿ. ಖಾತೆ ಬದಲಾವಣೆಯ ಮೇಲೂ ಹಾಡು, ಬೀರೂರು ಬಸ್ಸಿನ ಮೇಲೂ ಹಾಡು. ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಅದು ಸಾಲುತ್ತಿರಲಿಲ್ಲ.

ಡ್ರಮ್ಸ್ ನುಡಿಸುತ್ತಿದ್ದವನು ಅಜ್ಜಂಪುರದ ಗೆಳೆಯ. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಬಾರಿಸುತ್ತಿದ್ದ ಅವನ ಅಪ್ಪನೇ ಅವನ ಕೈ ತಿದ್ದಿದವರು. ಬ್ಯಾಂಡಿನ ಕೊನೆಯ ದಿನಗಳಲ್ಲಿ ಅವರು ಹಾಸಿಗೆ ಹಿಡಿದು ತಿಂಗಳಾಗಿತ್ತು.

ಮದುವೆಗಳಲ್ಲಿ ಇಂಥ ಸಿನಿಮಾ ಹಾಡು ಬೇಕೆಂದು ಜನ ವೇದಿಕೆಗೆ ಚೀಟಿ ಕಳಿಸುತ್ತಾರೆ. ನಾವು ಚೀಟಿಯಲ್ಲಿ ಬರೆದದ್ದನ್ನೇ ರಾಗ ಹಾಕಿ ಹಾಡುತ್ತಿದ್ದೆವು. ‘ಗೇಟಿಗೆ ಅಡ್ಡ ನಿಲ್ಲಿಸಿದ ಕಾರು ತೆಗೆಯಿರಿ’ ಎಂಬ ಚೀಟಿಯಿಂದಲೇ ನಮಗೆ ಹೆಸರು ಬಂದದ್ದು. ಆಮೇಲೆ ಜನ ಬೇಕೆಂದೇ ಚಿತ್ರವಿಚಿತ್ರ ಬರೆಯತೊಡಗಿದರು. ಮೊದಲೇ ಓದಿ ನೋಡುವ ತಾಳ್ಮೆ ನನಗೆಲ್ಲಿ?

ಒಂದು ಮಧ್ಯಾಹ್ನ, ತರೀಕೆರೆಯ ಛತ್ರ. ನಮ್ಮ ಫೋನುಗಳೆಲ್ಲ ಬ್ಯಾಗಿನಲ್ಲಿದ್ದವು. ಛತ್ರದ ಮ್ಯಾನೇಜರು ಚಾಚಿದ ಚೀಟಿ ಕಸಿದುಕೊಂಡು ಶುರುಮಾಡಿದೆ. ‘ಅಜ್ಜಂಪುರದಿಂದ ಫೋನ್ ಬಂದಿದೆ, ಡ್ರಮ್ಸಿನವರ ತಂದೆಗೆ ಉಸಿರಾಡಲು ಆಗುತ್ತಿಲ್ಲ, ಕೂಡಲೇ ಕಳಿಸಿ.’ ಯಾರೋ ಕಾಲೆಳೆಯುತ್ತಿದ್ದಾರೆ ಎಂದುಕೊಂಡೆ. ನಾನೇ ಕಟ್ಟಿ ಹಾಡುತ್ತಿದ್ದೇನೆಂದು ಗೆಳೆಯ ತಿಳಿದ, ಹಲ್ಲು ಕಿರಿದು ತಾಳ ಏರಿಸಿದ. ಜನ ಎದ್ದು ಕುಣಿದರು. ‘ಕೂಡಲೇ ಕಳಿಸಿ’ ಎನ್ನುವುದನ್ನು ಎಷ್ಟು ಸಲ ತಿರುಗಿಸಿ ಹಾಡಿದೆನೋ, ಪಾಪಿ ನಾನು! ಊಟದ ಹಾಲಿಗೆ ಹೋಗಿದ್ದ ಮ್ಯಾನೇಜರು ಹಾಡು ಕೇಳಿ ಓಡಿಬಂದು ಮೈಕ್ ಕಿತ್ತುಕೊಂಡರು.

“ನಿಜ ಕಣ್ರೀ ಅದು! ಇನ್ನೂ ಕಳಿಸ್ಲಿಲ್ವೇನ್ರೀ?”

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಜ್ಜಂಪುರಕ್ಕೆ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಮನೆ ಮುಟ್ಟುವ ಐದು ನಿಮಿಷ ಮುಂಚೆ ಅವನ ಅಪ್ಪನ ಜೀವ ಹೋಗಿತ್ತು. ನಾನು ಹಾಡಿದ್ದು ಅದಕ್ಕಿಂತ ಹೆಚ್ಚು ಹೊತ್ತು.

“ಮಗ ಬಂದ್ನಾ, ಮಗ ಬಂದ್ನಾ ಅಂತ ಕೇಳ್ತಾನೇ ಇದ್ರು ಕಣೋ,” ಅವನ ಅವ್ವ ಗೋಳಾಡಿದರು. “ಛತ್ರಕ್ಕೆ ಫೋನ್ ಮಾಡ್ಸಿದ್ನಲ್ಲ, ಯಾಕೋ ಇಷ್ಟೊತ್ತು?”

ಅವನು ನನ್ನ ಕಡೆ ತಿರುಗಲೂ ಇಲ್ಲ.

“ಬಸ್ಸು ಸಿಗ್ಲಿಲ್ಲ ಕಣವ್ವ,” ಎಂದ.

ಬೈಕಿನ ಕೀ ನನ್ನ ಕೈಯಲ್ಲೇ ಇತ್ತು. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.