ಕಂಬಳಿ ಕತ್ತಲಿನ ಮಾಸ್ತರರು

ಹಾಡುಹಗಲಿನಲ್ಲಿ ಕತ್ತಲೆ ಮಾಡುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಅಕ್ಕಿಆಲೂರಿನ ಹತ್ತಿರದ ನಮ್ಮೂರ ಶಾಲೆಯ ಚನ್ನವೀರ ಮಾಸ್ತರರು. ಶನಿವಾರ ಬಂತೆಂದರೆ ಹುಡುಗರೆಲ್ಲ ಮನೆಯಿಂದ ಕಂಬಳಿ ಹೊತ್ತು ತರಬೇಕು. ಕಿಟಕಿ, ಬಾಗಿಲು, ಸಂದಿ ಎಲ್ಲಕ್ಕೂ ಕರಿಕಂಬಳಿ ಬಿಗಿದರೆ ಒಳಗೆ ಕುರಿಯ ವಾಸನೆಯ ಕತ್ತಲೆ ತುಂಬುತ್ತಿತ್ತು. ನಡುವೆ ಮಾಸ್ತರರ ಚಿತ್ರದ ಕಂದೀಲು. ತಗಡಿನ ಪೆಟ್ಟಿಗೆ, ಒಳಗೆ ದೀಪ, ಮುಂದೆ ಗಾಜಿನ ಕಣ್ಣು. ಅಂಗೈಯಷ್ಟು ಗಾಜಿನ ಚಿತ್ರ ತೂರಿಸಿದರೆ ಸುಣ್ಣದ ಗೋಡೆಯ ಮೇಲೆ ಆಳೆತ್ತರದ ಮನುಷ್ಯರು ಬಂದು ನಿಲ್ಲುತ್ತಿದ್ದರು.

ಮಾಸ್ತರರು ಸವಣೂರಿನವರು. ತಮ್ಮೂರ ವೀಳ್ಯದೆಲೆ ಸದಾ ಬಾಯಲ್ಲಿ, ಅರ್ಧ ಪಾಠ ತಿಳಿಯುತ್ತಿರಲಿಲ್ಲ. ಹೆಂಡಿರು ಮಕ್ಕಳಿಲ್ಲ. ಹೊಡೆಯುತ್ತಿರಲಿಲ್ಲ, ಬೈಗುಳಕ್ಕೆ ಮಾತ್ರ ಕಡಿಮೆಯಿರಲಿಲ್ಲ. ಆಗ ಬಿಳಿಯರ ಸರಕಾರ. ಕಂದೀಲಿನ ಜೊತೆಗೆ ಬಂದ ಗಾಜುಗಳೆಲ್ಲ ಹಡಗು, ಅರಮನೆ, ಲಂಡನ್ನಿನ ಸೇತುವೆ.

“ಈ ಸೇತುವಿ ದಾಟಿ ಯಾರರ ಸಂತಿಗೆ ಹೋಗೀರೇನ್ಲೇ?”

“ಇಲ್ರೀ.”

“ಹಂಗಾರ ಇದು ಮೂಲ್ಯಾಗ ಬಿದ್ದಿರ್ಲಿ.”

ಶಿಗ್ಗಾವಿಯ ಗೆಳೆಯನಿಂದ ಫೋಟೋ ಪೆಟ್ಟಿಗೆ ತಂದು ಊರವರದೇ ಚಿತ್ರ ತೆಗೆದು ಗಾಜಿಗೆ ಇಳಿಸಿದರು. ಕುಂಬಾರ ಸಿದ್ದಪ್ಪ, ಕೌದಿ ಹೊಲಿಯುವ ಮಾಬವ್ವ, ಪಕ್ಕದ ಆಡೂರಿನ ಹಳೆಗಾಲದ ಬರಹದ ಕಲ್ಲು. ಗೋಡೆಯ ಮೇಲೆ ಬಿದ್ದವರು ಯಾರೆಂದು ಅವರು ಕೇಳುತ್ತಿರಲಿಲ್ಲ. “ನಿನಗೇನಾಗಬೇಕು?” ಎನ್ನುತ್ತಿದ್ದರು. ಅದೇ ಪಾಠ.

“ಕುಂಬಾರ ಸಿದ್ದಪ್ಪ ರೀ.”

“ಹೆಸರು ಯಾವ ಮಗ ಕೇಳ್ಯಾನ? ಅವನ ಗಡಿಗಿ ನೀರು ಕುಡೀತಿ, ನಿನಗ ಅವ ಏನೂ ಆಗಬೇಕಾಗಿಲ್ಲೇನು?”

“ಕಾಕಾ ಆಗಬೇಕ್ರಿ.”

“ಹಾಂ. ಕುಂದರು.”

ಆಡೂರಿನ ಕಲ್ಲಿಗೆ ನಾನು “ಮುತ್ತ್ಯಾ ಆಗಬೇಕ್ರಿ” ಎಂದೆ, ಅಜ್ಜನಿಗಿಂತ ಹಳೆಯದಲ್ಲವೇ. ಮಾಸ್ತರರು ಎಲೆ ಉಗುಳಿ ಬಂದು ನಕ್ಕರು. ಹೆಣ್ಣುಹುಡುಗಿ ನಾನು, ಕಲಿತದ್ದು ಎರಡನೆಯ ಇಯತ್ತೆ. ಅಕ್ಷರ ಅರ್ಧ ಮರೆತಿದ್ದೇನೆ. ಇದು ಮರೆತಿಲ್ಲ.

ಒಂದು ಸಲ ನಮ್ಮವ್ವ ಒನಕೆ ಹಿಡಿದು ನಿಂತದ್ದನ್ನು ತೆಗೆದರು.

“ಮಾರಿ ತೊಳದಿಲ್ರೀ ಮಾಸ್ತರ.”

“ಭತ್ತಾ ಕುಟ್ಟಾಕ ಮಾರಿ ಯಾಕ ತೊಳೀಬೇಕ ತಂಗಿ?”

ಅದು ಗೋಡೆಗೆ ಬಿದ್ದ ಶನಿವಾರ ಓಣಿಯ ಹೆಂಗಸರೂ ಬಂದರು, ಅವ್ವನೂ ಬಂದಳು. ನಮ್ಮ ಕಡೆ ಸೆರಗು ಬಲ ಹೆಗಲಿಗೆ. ಎಡಕ್ಕೆ ಹಾಕುವುದು ಹೆಣಕ್ಕೆ ಮಾತ್ರ. ಗಾಜಿಗೆ ಹಿಂದು ಮುಂದು ಇರುತ್ತದೆ, ಮಾಸ್ತರರು ಅವಸರದಲ್ಲಿ ತಿರುವಿ ತೂರಿಸಿದ್ದರು. ಕುಂಬಾರನ ಚಿತ್ರ ಹಾಗೆ ಬಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವ್ವ ಬಿದ್ದಳು, ಎಡ ಹೆಗಲ ಮೇಲೆ ಸೆರಗು.

“ಯವ್ವಾ! ಎಡಸೆರಗು!” ಎಂದು ಒಬ್ಬಳು ಕಿರುಚಿದಳು. ಹೆಂಗಸರೆಲ್ಲ ಎದ್ದರು. ನಕ್ಕವಳು ಅವ್ವ ಒಬ್ಬಳೇ. “ಹೆಣಾ ಆದ್ರೂ ಭತ್ತಾ ಕುಟ್ಟೂದು ತಪ್ಪಲಿಲ್ಲ ನೋಡ್ರೆವಾ!”

ಮಾಸ್ತರರು ಗಾಜು ಕಿತ್ತು ಸರಿಯಾಗಿ ಹಾಕಿದರು. ಕಂಡದ್ದು ಕಂಡಾಗಿತ್ತು.

ಸುಗ್ಗಿಗೆ ಮೊದಲು ಚಳಿಜ್ವರ ಬಂದು ಅವ್ವ ಹೋದಳು. ಮಣ್ಣಿಗೆ ಒಯ್ಯುವ ಮುಂಚೆ ಸೀರೆ ಉಡಿಸಿ ಗೋಡೆಗೆ ಆನಿಸಿ ಕೂರಿಸಿದರು. ಸೆರಗು ಎಡಕ್ಕೆ. ಶಾಲೆಯ ಗೋಡೆಯ ಮೇಲೆ ಇದ್ದ ಹಾಗೆಯೇ ಇದ್ದಳು. ಒನಕೆ ಒಂದಿರಲಿಲ್ಲ.

ಊರವರು ಮಾಸ್ತರರ ಜೊತೆ ಜಗಳಕ್ಕೆ ಹೋಗಲಿಲ್ಲ. ಶನಿವಾರ ಯಾರ ಮನೆಯಿಂದಲೂ ಕಂಬಳಿ ಬರಲಿಲ್ಲ, ಅಷ್ಟೇ. ಎಲ್ಲ ಕಿಟಕಿಯಿಂದ ಬಿಸಿಲು ಒಳಗೆ ಬಂತು. ಮಾಸ್ತರರು ಕಂದೀಲು ಹಚ್ಚಲಿಲ್ಲ.

ಕೊನೆಗೆ ನಮ್ಮಪ್ಪ ನಾಲ್ಕು ಹಿರಿಯರನ್ನು ಕರೆದುಕೊಂಡು ಹೋದ. ನಾನೂ ಹಿಂದೆ ಇದ್ದೆ.

“ಆಕೀನ್ನ ಗಾಜಿನ್ಯಾಗ ಹಿಡದಿಟ್ಟೀರಿ ಮಾಸ್ತರ. ಕೊಡ್ರಿ. ಆಕಿ ಹೋಗ್ಲಿ.”

“ಗಾಜು ಯಾರನ್ನೂ ಹಿಡಿಯೂದಿಲ್ಲಪಾ. ಕೈ ತಪ್ಪಿದ್ದು ನಂದು.”

ಅಪ್ಪ ಕೈ ಚಾಚಿದ. ಮಾಸ್ತರರು ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿದ ಗಾಜು ತಂದು ಕೊಟ್ಟರು. ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಕೆರೆಯ ಕಟ್ಟೆಯ ಮೇಲೆ ಅದನ್ನು ಕಲ್ಲಿನಿಂದ ಜಜ್ಜಿ ನೀರಿಗೆ ಎಸೆದ. ಅವ್ವನ ಮುಖ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾಸ್ತರರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹೋಗುವ ದಿನ ಮಧ್ಯಾಹ್ನ ನನ್ನನ್ನು ಕರೆಸಿದರು. ಶಾಲೆಯ ಸಾಮಾನಿನ ಕೋಣೆಗೆ ಒಂದೇ ಕಿಟಕಿ, ಅದಕ್ಕೆ ತಮ್ಮ ಕಂಬಳಿ ಬಿಗಿದಿದ್ದರು. ಕಂದೀಲು ಹಚ್ಚಿದರು. ಗೋಡೆಯ ಮೇಲೆ ಅವ್ವ ಬಂದಳು, ಒನಕೆ ಹಿಡಿದು, ಬಲ ಹೆಗಲಿಗೆ ಸೆರಗು ಹಾಕಿಕೊಂಡು.

“ನಿಮ್ಮಪ್ಪ ಒಡದದ್ದು ಲಂಡನ್ ಸೇತುವಿ” ಎಂದರು. ಆಮೇಲೆ ರೂಢಿಯಂತೆ “ನಿನಗೇನಾ...” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

“ಹಿಂಗಲ್ರೀ. ತಿರುವಿ ಹಾಕ್ರಿ” ಎಂದೆ.

“ಯಾಕವಾ? ಈಗ ಬರೋಬರಿ ಐತೆಲ್ಲ?”

“ಹಿಂಗ ಇದ್ರ ಈಕಿ ಇನ್ನೂ ಮನ್ಯಾಗ ಅದಾಳ ಅನಸ್ತೈತ್ರಿ.”

ಮಾಸ್ತರರು ದೀಪದ ಬತ್ತಿ ಏರಿಸಿದರು. ಆಮೇಲೆ ಗಾಜು ತೆಗೆದು ತಿರುವಿ ಹಾಕಿದರು. ಸೆರಗು ಎಡಕ್ಕೆ ಹೋಯಿತು. ಎಣ್ಣೆ ತೀರಿ ದೀಪ ಕೆಂಪಗಾಗುವವರೆಗೆ ಇಬ್ಬರೂ ನೋಡಿದೆವು.

“ಅವ್ವ ಆಗಬೇಕ್ರಿ” ಎಂದೆ.

ಅವರು “ಕುಂದರು” ಎನ್ನಲಿಲ್ಲ.

ಗಾಜು ಕೇಳಿದೆ. “ಬ್ಯಾಡ. ನಿಮ್ಮಪ್ಪ ಒಡೀತಾನ. ನನ್ನ ಕಡೆ ಇರ್ಲಿ, ದೊಡ್ಡಾಕಿ ಆಗಿ ಬಾ, ಕೊಡ್ತೇನಿ” ಎಂದರು. ಸಂಜೆ ಚಕ್ಕಡಿಯಲ್ಲಿ ಹುಲ್ಲಿನ ನಡುವೆ ಕಂದೀಲು ಇಟ್ಟುಕೊಂಡು ಹೋದರು.

ಲಗ್ನವಾದ ಮೇಲೆ ಹತ್ತಿಯ ಗಾಡಿಯ ಜೊತೆ ಹಿರೇಕೆರೂರಿನ ಸಂತೆಗೆ ಹೋದಾಗ ಅವರ ಮನೆ ಹುಡುಕಿದೆ. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಪಕ್ಕದ ಮನೆಯವಳು ಹೊಸ್ತಿಲಲ್ಲಿ ನಿಂತು ಕೇಳಿದಳು:

“ಮಾಸ್ತರ ನಿನಗೇನಾಗಬೇಕು?”

“ಮಾಸ್ತರ ಆಗಬೇಕ್ರಿ.”

ಅವಳು ನಕ್ಕಳು. ಕಂದೀಲನ್ನು ಯಾರೋ ತಗಡಿನ ಆಸೆಗೆ ಒಯ್ದರಂತೆ. “ಗಾಜೇನ? ಓಣ್ಯಾವ್ರು ಒಂದೊಂದು ತಗೊಂಡ್ರವಾ. ಒಡದ ಕಿಟಕಿಗೆ ಕೂಡಸಾಕ ಬರ್ತಾವಂತ.”

ಮಾಸ್ತರರ ಚಿತ್ರ ಎಲ್ಲೂ ಇಲ್ಲ. ಯಾವಾಗಲೂ ಪೆಟ್ಟಿಗೆಯ ಹಿಂದೆಯೇ ಇದ್ದರಲ್ಲ. ಅವ್ವ ಮಾತ್ರ ಹಿರೇಕೆರೂರಿನ ಯಾವುದೋ ಕಿಟಕಿಯಲ್ಲಿ ಒನಕೆ ಹಿಡಿದು ನಿಂತಿರಬೇಕು. ಒಳಗಿನವರಿಗೆ ಒಂದು ಹೆಗಲ ಮೇಲೆ ಸೆರಗು, ಹೊರಗಿನವರಿಗೆ ಇನ್ನೊಂದರ ಮೇಲೆ. ಆ ಮನೆಯವರಿಗೆ ಅವಳು ಏನೂ ಆಗಬೇಕಾಗಿಲ್ಲ.